ಪಣಂಬೂರಿನಿಂದ ಬೆಂಗಳೂರಿಗೆ: ಲಾರಿಯೊಂದೇ ಸಾಕು ಎನ್ನುವವರಿಗೆ ಉತ್ತರ

ಹಡಗಿನಲ್ಲಿ ಬಂದ ಸರಕನ್ನು ರೈಲಿಗೆ ಹತ್ತಿಸೋಣ, ರೈಲಿನಿಂದ ಲಾರಿಗೆ ದಾಟಿಸೋಣ, ಘಾಟಿಯ ಮೇಲಿನ ಭಾರವನ್ನು ಸ್ವಲ್ಪವಾದರೂ ಇಳಿಸೋಣ ಎಂದು ಯಾರಾದರೂ ಹೇಳಿದ ಕೂಡಲೇ ಮಂಗಳೂರಿನಲ್ಲೂ ಬೆಂಗಳೂರಿನಲ್ಲೂ ಒಂದೇ ಬಗೆಯ ಆಕ್ಷೇಪಗಳು ಏಳುತ್ತವೆ. ದೂರ ಸಾಲದು. ಏರಿಸಿ ಇಳಿಸುವ ಖರ್ಚು ಎರಡು ಪಟ್ಟಾಗುತ್ತದೆ. ರೈಲು ಯಾವಾಗ ಬರುತ್ತದೋ ಹೇಳಲಾಗದು. ಲಾರಿಯವರ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ. ಸಣ್ಣ ವ್ಯಾಪಾರಿಗೆ ಇದರಿಂದ ಏನೂ ಸಿಗುವುದಿಲ್ಲ.

ಹೀಗೆ ಹೇಳುವವರಲ್ಲಿ ಬಹಳ ಮಂದಿ ಸ್ವತಃ ಲಾರಿ ಓಡಿಸಿದವರು, ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೂತು ಬಾಡಿಗೆ ಕುದುರಿಸಿದವರು. ಅವರ ಮಾತಿನ ಹಿಂದೆ ಅನುಭವವಿದೆ, ಆದ್ದರಿಂದ ಒಂದೊಂದು ಮಾತಿಗೂ ಉತ್ತರ ಕೊಡಬೇಕು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಆಕ್ಷೇಪಗಳಲ್ಲಿ ಹೆಚ್ಚಿನವು ರೈಲಿನ ಮೇಲಿನ ದೂರುಗಳೂ ಅಲ್ಲ, ಹಡಗಿನ ಮೇಲಿನವೂ ಅಲ್ಲ. ಒಂದರಿಂದ ಇನ್ನೊಂದಕ್ಕೆ ಸರಕು ದಾಟುವ ಜಾಗದ ಮೇಲಿನ ದೂರುಗಳು ಅವು. ಆ ಜಾಗ ನಮ್ಮಲ್ಲಿ ಕೆಟ್ಟದಾಗಿದೆ ಎಂಬುದು ನಿಜ. ಅದನ್ನು ಸರಿಪಡಿಸಿ ಎಂದು ಕೇಳುವ ಬದಲು ಶಿರಾಡಿ ರಸ್ತೆಯನ್ನು ಇನ್ನಷ್ಟು ಅಗಲ ಮಾಡಿ, ಎಲ್ಲವನ್ನೂ ಲಾರಿಯಲ್ಲೇ ಹೊರೋಣ ಎನ್ನುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ದೂರದ ವಾದವೇ ಎಲ್ಲಕ್ಕಿಂತ ಗಟ್ಟಿಯಾದದ್ದು. ರೈಲಿಗೆ ಸರಕು ಹಾಕಬೇಕಾದರೆ ಕನಿಷ್ಠ ಐನೂರು ಕಿಲೋಮೀಟರಾದರೂ ಓಡಬೇಕು, ಇಲ್ಲವಾದರೆ ಎರಡು ತುದಿಯ ಲೋಕಲ್ ಬಾಡಿಗೆಯೇ ಲಾಭವನ್ನು ನುಂಗಿಬಿಡುತ್ತದೆ ಎನ್ನುತ್ತಾರೆ. ಮಂಗಳೂರಿಗೂ ಬೆಂಗಳೂರಿಗೂ ನಡುವೆ ಇರುವುದು ಸುಮಾರು 350 ಕಿ.ಮೀ. ಅಷ್ಟೆ. ಲೆಕ್ಕ ಸುಳ್ಳಲ್ಲ. ಆದರೆ ಬೆಂಗಳೂರಿನಿಂದ ಚೆನ್ನೈ ಎಷ್ಟು ದೂರ? ಹೆಚ್ಚೂಕಡಿಮೆ ಅಷ್ಟೇ. ದೇಶದ ಮೊದಲ ಒಳನಾಡು ಕಂಟೇನರ್ ಡಿಪೊ 1981ರಲ್ಲಿ ಶುರುವಾದದ್ದು ನಮ್ಮ ಬೆಂಗಳೂರಿನಲ್ಲಿ. ವೈಟ್‌ಫೀಲ್ಡಿನ ಡಿಪೊದಿಂದ ಚೆನ್ನೈ ಬಂದರಿಗೆ ಕಂಟೇನರ್ ರೈಲು ಓಡುತ್ತಲೇ ಇದೆ. ಐನೂರರ ನಿಯಮ ಅಲ್ಲಿ ಯಾರನ್ನೂ ತಡೆದಿಲ್ಲ.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಉಡುಪಿ ಜಿಲ್ಲೆಯ ಶಾಖೋತ್ಪನ್ನ ವಿದ್ಯುತ್ ಸ್ಥಾವರವನ್ನು ನೋಡಿ. ಹೊರದೇಶದ ಕಲ್ಲಿದ್ದಲು ಪಣಂಬೂರಿನ ನವಮಂಗಳೂರು ಬಂದರಿಗೆ ಹಡಗಿನಲ್ಲಿ ಬರುತ್ತದೆ, ಅಲ್ಲಿಂದ ಪಡುಬಿದ್ರಿ ಪಕ್ಕದ ಸ್ಥಾವರಕ್ಕೆ ರೈಲಿನಲ್ಲಿ ಹೋಗುತ್ತದೆ. ಐವತ್ತು ಕಿಲೋಮೀಟರೂ ಇಲ್ಲದ ದಾರಿ. ಇಷ್ಟು ಕಡಿಮೆ ದೂರಕ್ಕೆ ರೈಲು ಹೇಗೆ ಕಟ್ಟುತ್ತದೆ? ಎರಡೂ ತುದಿಯಲ್ಲಿ ಹಳಿ ಸರಕಿನ ಪಕ್ಕಕ್ಕೇ ಬಂದು ನಿಂತಿದೆ. ಬಂದರಿನಲ್ಲಿ ತುಂಬುತ್ತಾರೆ, ಸ್ಥಾವರದಲ್ಲಿ ಸುರಿಯುತ್ತಾರೆ, ನಡುವೆ ಲಾರಿಯ ಲೋಕಲ್ ಬಾಡಿಗೆಯ ಮಾತೇ ಇಲ್ಲ. ಅಂದರೆ ಐನೂರು ಕಿಲೋಮೀಟರು ಯಾರೋ ಕಲ್ಲಿನಲ್ಲಿ ಕೆತ್ತಿಟ್ಟ ಸಂಖ್ಯೆಯಲ್ಲ. ಸರಕು ದಾಟಿಸುವ ಖರ್ಚನ್ನು ಓಟದ ದೂರಕ್ಕೆ ಹಂಚಿದಾಗ ಸಿಗುವ ಮಿತಿ ಅದು. ದಾಟಿಸುವ ಖರ್ಚು ಇಳಿದಷ್ಟೂ ಮಿತಿಯೂ ಇಳಿಯುತ್ತದೆ. ಮಂಗಳೂರು–ಬೆಂಗಳೂರು ದಾರಿಗೆ ದೂರ ಅಡ್ಡಿ ಎನ್ನುವವರು ಚೆನ್ನೈ ದಾರಿಗೆ ಯಾಕೆ ಅಡ್ಡಿಯಾಗಲಿಲ್ಲ ಎಂಬುದನ್ನು ವಿವರಿಸಬೇಕು.

ಏರಿಸಿ ಇಳಿಸುವ ಖರ್ಚು, ಅದರಲ್ಲಾಗುವ ನಷ್ಟ ಮುಂದಿನ ಮಾತು. ಗೂಡ್ಸ್ ಶೆಡ್ಡಿನಲ್ಲಿ ಸಿಮೆಂಟು ಗೊಬ್ಬರದ ಮೂಟೆಗಳನ್ನು ಹಮಾಲರು ಬೆನ್ನ ಮೇಲೆ ಹೊತ್ತು ವ್ಯಾಗನ್ನಿನಿಂದ ಲಾರಿಗೆ ಹಾಕುವುದನ್ನು ನೋಡಿದವರಿಗೆ ಈ ಆಕ್ಷೇಪ ಸಹಜವಾಗಿ ಬರುತ್ತದೆ. ಮೂಟೆ ಹರಿಯುತ್ತದೆ, ಮಳೆ ಬಂದರೆ ನೆನೆಯುತ್ತದೆ, ಹೊತ್ತು ಮೀರಿದರೆ ಡೆಮರೇಜ್ ಬೀಳುತ್ತದೆ. ಈ ಸಮಸ್ಯೆಗೆ ಉತ್ತರ ಕಂಡುಕೊಂಡದ್ದು ಒಬ್ಬ ಲಾರಿ ಮಾಲೀಕನೇ ಎಂಬುದನ್ನು ಲಾರಿ ಮಿತ್ರರು ಗಮನಿಸಬೇಕು. ಅಮೆರಿಕದ ಮಾಲ್ಕಮ್ ಮೆಕ್‌ಲೀನ್ ಒಂದೇ ಲಾರಿಯಿಂದ ಬದುಕು ಆರಂಭಿಸಿ ದೊಡ್ಡ ಸಾಗಣೆ ಕಂಪನಿ ಕಟ್ಟಿದವನು. ಸರಕನ್ನು ಬಿಡಿಬಿಡಿಯಾಗಿ ಎತ್ತುವ ಬದಲು ಪೆಟ್ಟಿಗೆಯನ್ನೇ ಎತ್ತಿಬಿಟ್ಟರೆ ಹೇಗೆ ಎಂದು ಯೋಚಿಸಿ, 1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಎಂಬ ಹಡಗಿನಲ್ಲಿ 58 ಪೆಟ್ಟಿಗೆಗಳನ್ನು ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಕಳಿಸಿದ. ಬಿಡಿ ಸರಕನ್ನು ಹಡಗಿಗೆ ತುಂಬಲು ಟನ್ನಿಗೆ 5.86 ಡಾಲರು ತಗಲುತ್ತಿದ್ದ ಕಾಲ ಅದು. ಪೆಟ್ಟಿಗೆಯಲ್ಲಿ ತುಂಬಿದಾಗ 16 ಸೆಂಟಿಗೆ ಇಳಿಯಿತು ಎಂಬುದು ಅಂದಿನ ಲೆಕ್ಕ. ಕಾರ್ಖಾನೆಯಲ್ಲಿ ಸೀಲು ಹಾಕಿದ ಕಂಟೇನರಿನ ಬಾಗಿಲು ಗಿರಾಕಿಯ ಗೋದಾಮಿನಲ್ಲೇ ತೆರೆಯುತ್ತದೆ. ನಡುವೆ ಅದು ಎಷ್ಟು ಗಾಡಿ ಬದಲಿಸಿದರೂ ಒಳಗಿನ ಸರಕನ್ನು ಯಾರೂ ಮುಟ್ಟುವುದಿಲ್ಲ.

ಹಾಗಿದ್ದರೂ ಗೂಡ್ಸ್ ಶೆಡ್ಡಿನ ಮೂಟೆಯ ಕಷ್ಟ ಉಳಿದೇ ಇದೆಯಲ್ಲ ಎಂದರೆ, ಹೌದು, ಉಳಿದಿದೆ. ಅಲ್ಲಿ ಸುಧಾರಣೆ ಮಾಡಿಲ್ಲ, ಮಾಡಬೇಕು. ಶೆಡ್ಡಿಗೆ ಮಾಡು, ಲಾರಿ ತಿರುಗಲು ಗಟ್ಟಿ ನೆಲ, ಎತ್ತುವ ಯಂತ್ರ, ಹಮಾಲರಿಗೆ ನೀರು ನೆರಳು ಕೊಡಿಸಲು ಒಂದು ಮೇಲ್ಸೇತುವೆಗೆ ತಗಲುವ ಹಣದಲ್ಲಿ ಎಷ್ಟೋ ಊರುಗಳ ಕೆಲಸ ಮುಗಿಯುತ್ತದೆ.

ಇನ್ನು ಘಾಟಿ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ನಮ್ಮ ಜಗಳವೆಲ್ಲ ಈ ಐವತ್ತು ಅರವತ್ತು ಕಿಲೋಮೀಟರಿನ ಬೆಟ್ಟದ್ದೇ. ಎದುರಾಳಿಗಳು ಹೇಳುವುದಿಷ್ಟು: ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ರೈಲು ದಾರಿಯಲ್ಲಿ 57 ಸುರಂಗಗಳಿವೆ, ಐವತ್ತಡಿಗೆ ಒಂದಡಿ ಏರು ಇದೆ, ಗಾಡಿ ಗಂಟೆಗೆ 30 ಕಿ.ಮೀ. ಮೀರುವ ಹಾಗಿಲ್ಲ, ಮಳೆಗಾಲದಲ್ಲಿ ಗುಡ್ಡ ಜಾರುತ್ತದೆ. 2018ರ ಆಗಸ್ಟಿನಲ್ಲಿ ದಾರಿ ಮುಚ್ಚಿತು, 2024ರ ಜುಲೈನಲ್ಲಿ ಯಡಕುಮೇರಿ ಹತ್ತಿರ ಮತ್ತೆ ಕುಸಿಯಿತು. ಇಂಥ ದಾರಿಯನ್ನು ನಂಬುವುದು ಹೇಗೆ?

ಪ್ರತಿಯೊಂದು ಮಾತೂ ನಿಜ. ಆದರೆ ಅದೇ ಬೆಟ್ಟದ ಆಚೆ ಮಗ್ಗುಲಿನ ರಸ್ತೆಗೆ ಏನಾಯಿತು ಎಂದು ಅವರು ಹೇಳುವುದಿಲ್ಲ. ಶಿರಾಡಿ ರಸ್ತೆಯನ್ನು ಕಾಂಕ್ರೀಟು ಹಾಕಲೆಂದು 2015ರಲ್ಲೂ 2018ರಲ್ಲೂ ತಿಂಗಳುಗಟ್ಟಲೆ ಮುಚ್ಚಿದರು. 2018ರ ಆಗಸ್ಟಿನ ಮಳೆಗೆ ರೈಲು ದಾರಿಯ ಜೊತೆಗೆ ರಸ್ತೆಯೂ ಕುಸಿಯಿತು. 2022ರಲ್ಲಿ ದೋಣಿಗಲ್ ಬಳಿ ಮತ್ತೆ ಕುಸಿಯಿತು, 2024ರಲ್ಲಿ ದೊಡ್ಡತಪ್ಪಲೆಯಲ್ಲಿ ಮಣ್ಣು ಬಂದು ಬಿತ್ತು. ಮಳೆಗೆ ಹಳಿ ಬೇರೆ, ರಸ್ತೆ ಬೇರೆ ಎಂಬುದಿಲ್ಲ. ವ್ಯತ್ಯಾಸ ಇರುವುದು ಬೆಟ್ಟವನ್ನು ನಾವು ಎಷ್ಟು ಕಡಿಯಬೇಕಾಗುತ್ತದೆ ಎಂಬುದರಲ್ಲಿ. ಒಂದು ಕಂಟೇನರ್ ರೈಲಿಗೆ 45 ವ್ಯಾಗನ್ನುಗಳು, ಒಂದೊಂದರ ಮೇಲೂ ನಲವತ್ತಡಿಯ ಒಂದು ಪೆಟ್ಟಿಗೆ. ಘಾಟಿಯ ಏರಿಗೆ ಅದನ್ನು ಎರಡು ಮಾಡಿ ಒಯ್ದರೂ, ಹಿಂದಿನಿಂದ ತಳ್ಳಲು ಹೆಚ್ಚುವರಿ ಎಂಜಿನು ಕಟ್ಟಿದರೂ, ರಸ್ತೆಯಿಂದ ನಲವತ್ತೈದು ಟ್ರೇಲರುಗಳು ಇಳಿದಂತಾಯಿತು. ಆ ಹಳಿ ಆಗಲೇ ಅಲ್ಲಿದೆ. 1979ರಲ್ಲಿ ಮೀಟರ್ ಗೇಜ್ ಆಗಿ ತೆರೆದ ದಾರಿಯನ್ನು ಬ್ರಾಡ್ ಗೇಜ್ ಮಾಡಿ, 2006ರಿಂದ ಸರಕು ರೈಲು ಓಡಿಸುತ್ತಿದ್ದೇವೆ. ಅದನ್ನು ಪೂರ್ತಿ ಬಳಸದೆ ಪಕ್ಕದಲ್ಲಿ ಗುಡ್ಡವನ್ನು ನೆಟ್ಟಗೆ ಕಡಿದು ನಾಲ್ಕು ಪಥ ಮಾಡಿದೆವು. ಹಾಗೆ ನೆಟ್ಟಗೆ ಕಡಿದ ಗೋಡೆಗಳೇ ಇವತ್ತು ಮಳೆಗೆ ಇಳಿದುಬರುತ್ತಿವೆ ಎಂಬುದು ನನ್ನ ಅಭಿಪ್ರಾಯ. ಆ ದಾರಿಯಲ್ಲಿ ಹೋಗಿ ನೋಡಿದವರು ಅದನ್ನು ಸುಲಭವಾಗಿ ಅಲ್ಲಗಳೆಯಲಾರರು.

ಬೆಟ್ಟ ದಾಟುವ ಕಷ್ಟ ನಮಗೊಬ್ಬರಿಗೇ ಬಂದದ್ದಲ್ಲ. ಆಲ್ಪ್ಸ್ ಪರ್ವತವನ್ನು ಹಾಯುವ ಲಾರಿಗಳಿಂದ ಬೇಸತ್ತ ಸ್ವಿಟ್ಜರ್ಲೆಂಡಿನ ಜನ 1994ರಲ್ಲಿ ಮತ ಹಾಕಿ, ಗಡಿಯಿಂದ ಗಡಿಗೆ ಹೋಗುವ ಸರಕು ರೈಲಿಗೆ ಬರಬೇಕು ಎಂದು ಸಂವಿಧಾನದಲ್ಲೇ ಬರೆಸಿದರು. 2001ರಿಂದ ಲಾರಿಗೆ ತೂಕ ಮತ್ತು ದೂರದ ಲೆಕ್ಕದಲ್ಲಿ ಶುಲ್ಕ ಹಾಕಿ ಆ ಹಣದ ದೊಡ್ಡ ಪಾಲನ್ನು ರೈಲಿಗೆ ಹಾಕಿದರು. 2016ರಲ್ಲಿ 57 ಕಿ.ಮೀ. ಉದ್ದದ ಗೊಟ್ಹಾರ್ಡ್ ಸುರಂಗ ತೆರೆಯಿತು. ಈಗ ಆ ದೇಶದ ಆಲ್ಪ್ಸ್ ದಾಟುವ ಸರಕಿನಲ್ಲಿ ಹತ್ತರಲ್ಲಿ ಏಳು ಪಾಲು ರೈಲಿನಲ್ಲಿದೆ. ಅವರ ಹಣ ನಮ್ಮಲ್ಲಿಲ್ಲ, ಒಪ್ಪುತ್ತೇನೆ. ಆದರೆ ಬೆಟ್ಟದ ದಾರಿ ಕಿರಿದು, ಅದರಲ್ಲಿ ಯಾವ ಸರಕು ಹೇಗೆ ಹೋಗಬೇಕು ಎಂದು ನಾವೇ ಕೂತು ನಿರ್ಧರಿಸಬೇಕು ಎಂಬ ತಿಳಿವಳಿಕೆಗೆ ಹಣ ಬೇಡ.

ನಾವೂ ಅದನ್ನು ಮಾಡಿದ್ದೇವೆ, ಮಾಡಿ ಮರೆತಿದ್ದೇವೆ ಅಷ್ಟೆ. ಕುದುರೆಮುಖದ ಅದಿರನ್ನು ನೀರಿನಲ್ಲಿ ಕಲಸಿ 67 ಕಿ.ಮೀ. ಕೊಳವೆಯಲ್ಲಿ ಪಣಂಬೂರಿಗೆ ಹರಿಸಿ, ಅಲ್ಲಿಂದ ಹಡಗಿಗೆ ತುಂಬುತ್ತಿದ್ದರು. ಆ ಕಾಡಿನಲ್ಲಿ ಗಣಿ ಮಾಡಿದ್ದು ಸರಿಯೇ ಎಂಬುದು ಬೇರೆ ಪ್ರಶ್ನೆ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅದು ನಿಂತಿತು, ನಿಲ್ಲಬೇಕಾದದ್ದೇ. ಆದರೆ ಅಷ್ಟು ವರ್ಷ ಆ ಅದಿರು ಘಾಟಿಯ ರಸ್ತೆಗೆ ಇಳಿಯಲಿಲ್ಲ. ಬಳ್ಳಾರಿಯ ಅದಿರು ಲಾರಿಗಳಲ್ಲಿ ಮಿತಿಮೀರಿದ ಲೋಡು ಹೊತ್ತು ಕರಾವಳಿಗೆ ಇಳಿದಾಗ ನಮ್ಮ ಹೆದ್ದಾರಿಗಳು ಏನಾದವು ಎಂಬುದನ್ನು ಆ ಕಾಲದಲ್ಲಿ ಓಡಾಡಿದ ಯಾರೂ ಮರೆತಿರಲಾರರು.

ಅಡುಗೆ ಅನಿಲದ್ದು ಇನ್ನೂ ಸ್ಪಷ್ಟವಾದ ಕತೆ. ಪಣಂಬೂರಿನಲ್ಲಿ ತುಂಬಿದ ಬುಲೆಟ್ ಟ್ಯಾಂಕರುಗಳು ಮೊದಲೆಲ್ಲ ಹೆದ್ದಾರಿಯುದ್ದಕ್ಕೂ ಸಾಲಾಗಿ ಘಾಟಿ ಹತ್ತುತ್ತಿದ್ದವು. 2012ರಲ್ಲಿ ಕಣ್ಣೂರಿನ ಚಾಲದಲ್ಲಿ ಮಂಗಳೂರಿನ ಕಡೆಯಿಂದ ಹೋದ ಟ್ಯಾಂಕರು ಉರುಳಿ ಇಪ್ಪತ್ತರಷ್ಟು ಜನ ಬೆಂದುಹೋದರು. ಮರುವರ್ಷ ಏಪ್ರಿಲಿನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಟ್ಯಾಂಕರು ಮಗುಚಿ ರಸ್ತೆ ಬದಿಯ ಮನೆಗಳಿಗೆ ಬೆಂಕಿ ಹತ್ತಿತು, ತಮ್ಮ ಪಾಡಿಗೆ ಮನೆಯಲ್ಲಿದ್ದವರು ಸತ್ತರು. ಆಮೇಲೆ 2016ರಲ್ಲಿ ಮಂಗಳೂರಿನಿಂದ ಹಾಸನ, ಮೈಸೂರು, ಸೋಲೂರಿಗೆ ಅನಿಲದ ಕೊಳವೆ ಮಾರ್ಗ ಬಂತು. ಪೆಟ್ರೋಲು ಡೀಸೆಲ್ಲಿಗೆ ಮಂಗಳೂರು–ಹಾಸನ–ಬೆಂಗಳೂರು ಕೊಳವೆ 2003ರಿಂದಲೇ ಇದೆ. ಇವತ್ತು ಮೈಸೂರಿನ ಗೃಹಿಣಿಯ ಒಲೆಯಲ್ಲಿ ಉರಿಯುವ ಅನಿಲ ಹಡಗಿನಲ್ಲಿ ಪಣಂಬೂರಿಗೆ ಬಂದು, ಕೊಳವೆಯಲ್ಲಿ ಘಾಟಿ ಹತ್ತಿ, ಸಿಲಿಂಡರಾಗಿ ಲಾರಿಯಲ್ಲಿ ಮನೆ ಬಾಗಿಲಿಗೆ ಬಂದದ್ದು. ಇಂಥ ವ್ಯವಸ್ಥೆ ನಮ್ಮ ನೆಲದಲ್ಲಿ ನಡೆಯುವುದಿಲ್ಲ ಎಂದು ವಾದಿಸುವವರ ಮನೆಯ ಅನ್ನವೂ ಇದೇ ವ್ಯವಸ್ಥೆಯಲ್ಲಿ ಬೇಯುತ್ತಿರಬಹುದು.

ರೈಲು ನಿಧಾನ ಎನ್ನುವ ಆಕ್ಷೇಪಕ್ಕೆ ನನ್ನಲ್ಲಿ ತಕರಾರಿಲ್ಲ. ಪ್ರಯಾಣಿಕರ ಗಾಡಿಗಳೂ ಸರಕು ಗಾಡಿಗಳೂ ಒಂದೇ ಹಳಿಯಲ್ಲಿ ಓಡುವ ಕಡೆ ಸರಕು ರೈಲಿನ ಸರಾಸರಿ ವೇಗ ಗಂಟೆಗೆ 25 ಕಿ.ಮೀ. ಆಸುಪಾಸು. ಎಕ್ಸ್‌ಪ್ರೆಸ್ ಬಂದರೆ ಗೂಡ್ಸ್ ಗಾಡಿ ಪಕ್ಕದ ಲೂಪಿಗೆ ಸರಿದು ನಿಲ್ಲುತ್ತದೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ದೇಶದ ಸರಕಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ಹೊರುತ್ತಿದ್ದ ರೈಲು ಇವತ್ತು 27ರ ಆಸುಪಾಸಿಗೆ ಇಳಿದಿದ್ದರೆ ಅದಕ್ಕೆ ಈ ಕಾಯಿಸುವಿಕೆಯೂ ಕಾರಣ. ಆದರೆ ಸರಕಿಗೇ ಪ್ರತ್ಯೇಕ ಹಳಿ ಹಾಕಿದಲ್ಲಿ ಏನಾಗಿದೆ ನೋಡಿ. ಲುಧಿಯಾನ–ಸೋನ್‌ನಗರದ ನಡುವೆ 1,337 ಕಿ.ಮೀ., ದಾದ್ರಿಯಿಂದ ಮುಂಬೈನ ನೆಹರೂ ಬಂದರಿಗೆ 1,506 ಕಿ.ಮೀ. ಉದ್ದದ ಮಾರ್ಗಗಳನ್ನು ಗಂಟೆಗೆ 100 ಕಿ.ಮೀ. ವೇಗಕ್ಕೆ ಕಟ್ಟಿದ್ದಾರೆ. ಪಶ್ಚಿಮದ ದಾರಿಯಲ್ಲಿ ವಿದ್ಯುತ್ ತಂತಿಯ ಕೆಳಗೇ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಇಟ್ಟು ಒಯ್ಯುತ್ತಾರೆ. ಕರ್ನಾಟಕಕ್ಕೆ ಅಂಥ ದಾರಿ ಬಂದಿಲ್ಲ. ಬರಲಿ ಎಂದು ಕೇಳಬೇಕಾದ ಸಂಸದರು, ಉದ್ಯಮದವರು ಇನ್ನೊಂದು ಎಕ್ಸ್‌ಪ್ರೆಸ್ ಹೆದ್ದಾರಿಗೆ ಅರ್ಜಿ ಹಿಡಿದು ನಿಂತಿದ್ದಾರೆ. ನನಗೆ ನೋವಾಗುವುದು ಅಲ್ಲಿ.

ಕಲ್ಲಿದ್ದಲಿನ ಕರೆಂಟಿನಿಂದ ಓಡುವ ರೈಲು ಯಾವ ಪರಿಸರ ಉಳಿಸೀತು ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ಉಕ್ಕಿನ ಹಳಿಯ ಮೇಲೆ ಉರುಳುವ ಉಕ್ಕಿನ ಗಾಲಿಗೆ ಎದುರಾಗುವ ತಡೆ, ಡಾಂಬರಿನ ಮೇಲಿನ ರಬ್ಬರ್ ಟೈರಿಗೆ ಹೋಲಿಸಿದರೆ ಹಲವು ಪಟ್ಟು ಕಡಿಮೆ. ಶಕ್ತಿ ಎಲ್ಲಿಂದ ಬಂದರೂ ಬೇಕಾಗುವುದೇ ಕಡಿಮೆ.

ಈಗ ಲಾರಿಯವರ ಬದುಕಿನ ವಿಚಾರ. ಇದನ್ನು ಲೆಕ್ಕದ ಮಾತಿನಲ್ಲಿ ತೇಲಿಸಿಬಿಡುವುದು ಅನ್ಯಾಯ. ಒಂದು ಲಾರಿಯ ಕಂತಿನ ಹಿಂದೆ ಒಂದು ಕುಟುಂಬ ಇರುತ್ತದೆ. ಆದರೆ ರೈಲಿಗೆ ಸರಕು ಹೋದರೆ ಲಾರಿ ಮುಳುಗುತ್ತದೆ ಎಂಬುದನ್ನು ಕೊಂಕಣ ರೈಲ್ವೆಯ ಅನುಭವ ಒಪ್ಪುವುದಿಲ್ಲ. 1999ರ ಜನವರಿ 26ರಂದು ಕೊಲಾಡಿನಿಂದ ಗೋವಾದ ವೆರ್ಣಾಕ್ಕೆ ಅವರು ಲಾರಿಗಳನ್ನೇ ವ್ಯಾಗನ್ನಿನ ಮೇಲೆ ಹತ್ತಿಸಿ ಒಯ್ಯುವ ರೋ-ರೋ ಸೇವೆ ಶುರುಮಾಡಿದರು. ಮುಂದೆ ಅದು ನಮ್ಮ ಸುರತ್ಕಲ್‌ವರೆಗೂ ಬಂತು. ಲೋಡಾದ ಲಾರಿ ತಾನೇ ಓಡಿಕೊಂಡು ವ್ಯಾಗನ್ನಿನ ಮೇಲೆ ಹೋಗಿ ನಿಲ್ಲುತ್ತದೆ, ಡ್ರೈವರೂ ಕ್ಲೀನರೂ ಜೊತೆಯಲ್ಲೇ ಇರುತ್ತಾರೆ, ಆ ತುದಿಯಲ್ಲಿ ಇಳಿದು ಮತ್ತೆ ರಸ್ತೆ ಹಿಡಿಯುತ್ತದೆ. ಡೀಸೆಲ್ ಉಳಿಯಿತು, ಟೈರು ಉಳಿಯಿತು, ಡ್ರೈವರಿಗೆ ನಿದ್ದೆ ಸಿಕ್ಕಿತು. ಕರಾರೂ ಬಾಡಿಗೆಯೂ ಮಾಲೀಕನ ಕೈಯಲ್ಲೇ ಉಳಿದವು. 2020ರ ಆಗಸ್ಟಿನಲ್ಲಿ ನೆಲಮಂಗಲದಿಂದ ಸೋಲಾಪುರ ಬಳಿಯ ಬಾಳೆಗೆ 682 ಕಿ.ಮೀ. ದೂರದ ಇಂಥದ್ದೇ ಸೇವೆಯನ್ನು ನಮ್ಮ ರಾಜ್ಯದಿಂದ ಆರಂಭಿಸಿದರು. ಎಲ್ಲ ಲಾರಿಗೂ ಇದು ಹೊಂದುವುದಿಲ್ಲ. ತಂತಿ ಮತ್ತು ಸುರಂಗದ ಕಾರಣ ಎತ್ತರಕ್ಕೆ ಮಿತಿ ಇದೆ. ಆದರೆ ರೈಲಿಗೂ ಲಾರಿಗೂ ಹಗೆತನ ಎಂಬ ಕಲ್ಪನೆ ಇಲ್ಲಿ ಸುಳ್ಳಾಯಿತು.

ಡ್ರೈವರುಗಳು ಸಿಗುವುದಿಲ್ಲ ಎಂದು ಮಾಲೀಕರೇ ಹೇಳುತ್ತಾರೆ. ಯಾಕೆ ಸಿಗಬೇಕು? ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ದಿನಕ್ಕೆ ಎಂಟು ಗಂಟೆ ಎಂದು ಬರೆದಿತ್ತು. ದೂರದ ರೂಟಿನ ಡ್ರೈವರಿಗೆ ಅದು ಕಾಗದದಲ್ಲೇ ಉಳಿದಿದೆ. ವಾರಗಟ್ಟಲೆ ಮನೆ ಕಾಣದೆ, ಕ್ಯಾಬಿನ್ನಿನಲ್ಲೇ ಮಲಗಿ, ರಾತ್ರಿ ಘಾಟಿ ಇಳಿಯುವ ಕೆಲಸಕ್ಕೆ ಮಗನನ್ನು ಕಳಿಸಲು ಯಾವ ಡ್ರೈವರೂ ಒಪ್ಪುತ್ತಿಲ್ಲ. ರೈಲು ನಿಲ್ಲುವ ಯಾರ್ಡಿನಿಂದ ಸುತ್ತಲಿನ ನೂರು ಕಿಲೋಮೀಟರಿಗೆ ಓಡುವ ಲಾರಿಯ ಡ್ರೈವರು ರಾತ್ರಿ ಊಟಕ್ಕೆ ಮನೆಗೆ ಬರುತ್ತಾನೆ. ಸರಕು ಎಷ್ಟೇ ದೂರ ರೈಲಿನಲ್ಲಿ ಬಂದರೂ ಮೊದಲ ಮೈಲಿಯೂ ಕೊನೆಯ ಮೈಲಿಯೂ ಅವನದೇ.

ಸಣ್ಣ ವ್ಯಾಪಾರಿಯ ಪ್ರಶ್ನೆಯಲ್ಲಿ ಎದುರಾಳಿಗಳ ಪರವಾಗಿಯೇ ನಿಲ್ಲುತ್ತೇನೆ. ಒಂದು ಕಾಲದಲ್ಲಿ ಪ್ರತಿ ಊರಿನ ಸ್ಟೇಷನ್ನಿನಲ್ಲೂ ಹತ್ತು ಮೂಟೆ, ಎರಡು ಪೆಟ್ಟಿಗೆ ಬುಕ್ ಮಾಡಬಹುದಿತ್ತು. ಪೂರ್ತಿ ರೇಕು ತುಂಬಿದರೆ ಮಾತ್ರ ಬನ್ನಿ ಎಂಬ ನೀತಿಗೆ ತಿರುಗಿ ಆ ಗಿರಾಕಿಯನ್ನು ಲಾರಿಯ ಕಡೆ ಅಟ್ಟಿದ್ದು ರೈಲ್ವೆಯೇ. ಕಲ್ಲಿದ್ದಲು, ಅದಿರು, ಸಿಮೆಂಟಿನಂಥ ಭಾರಿ ಸರಕು ಸಿಕ್ಕಾಗ ಅರಸೀಕೆರೆಯ ತೆಂಗಿನಕಾಯಿ ಮಂಡಿಯವನ ನೆನಪು ಅದಕ್ಕೆ ಬೇಕಾಗಲಿಲ್ಲ. 2020ರಲ್ಲಿ ಕಿಸಾನ್ ರೈಲು ಬಂತು, ಹಣ್ಣು ತರಕಾರಿಗೆ ಅರ್ಧ ಬಾಡಿಗೆ ರಿಯಾಯಿತಿ ಕೊಟ್ಟರು, ಮರುವರ್ಷ ಕೋಲಾರ ಜಿಲ್ಲೆಯ ಮಾವೂ ಅದರಲ್ಲಿ ದೆಹಲಿಗೆ ಹೋಯಿತು. ಬಿಡಿ ರೈತರ ಸರಕನ್ನು ಒಟ್ಟುಮಾಡಿದರೆ ಒಂದು ರೈಲು ತುಂಬುತ್ತದೆ ಎಂದು ಅದು ತೋರಿಸಿತು. ಆದರೆ ರಿಯಾಯಿತಿಯಷ್ಟೇ ಸಾಲದು. ಸ್ಟೇಷನ್ನಿನ ಪಕ್ಕ ಶೀತಲ ಕೋಣೆ ಬೇಕು, ಬಿಡಿ ಸರಕನ್ನು ಕೂಡಿಸಿ ಕಂಟೇನರ್ ತುಂಬುವವರು ಬೇಕು, ನಿಗದಿತ ದಿನ ನಿಗದಿತ ಹೊತ್ತಿಗೆ ಗಾಡಿ ಹೊರಡಬೇಕು. ಅರ್ಧ ತುಂಬಿದ್ದರೂ ಹೊರಡಬೇಕು. ಇದಿಲ್ಲದೆ ಕಟ್ಟಿದ ಯಾವ ಯಾರ್ಡೂ ದೊಡ್ಡ ಕಂಪನಿಗಳದ್ದಷ್ಟೇ ಆಗುತ್ತದೆ ಎಂಬ ಎಚ್ಚರಿಕೆಯನ್ನು ನಾನು ಒಪ್ಪುತ್ತೇನೆ.

ದಾಬಸ್‌ಪೇಟೆ ಕಡೆಯ ಮುದ್ದಲಿಂಗನಹಳ್ಳಿಯಲ್ಲಿ 400 ಎಕರೆಯಲ್ಲಿ ಬಹುಮಾದರಿ ಲಾಜಿಸ್ಟಿಕ್ಸ್ ಪಾರ್ಕಿನ ಯೋಜನೆ ಇದೆ. ಅದರ ಮೇಲಿನ ಆಕ್ಷೇಪ ಜಮೀನಿನದು. ನೆಲ ಕಳೆದುಕೊಂಡವರಿಗೆ ತಕ್ಕ ಬೆಲೆ, ಅಲ್ಲೇ ಕೆಲಸ ಸಿಗಲೇಬೇಕು. ಅದಕ್ಕಾಗಿ ಹೋರಾಡುವವರ ಜೊತೆ ನಾನಿದ್ದೇನೆ. ಆದರೆ ವೈಟ್‌ಫೀಲ್ಡಿನ ಡಿಪೊ ಈಗ ಊರಿನ ನಡುವೆ ಸಿಕ್ಕಿಕೊಂಡಿದೆ. ಹಗಲಿನ ದಟ್ಟಣೆಯ ಹೊತ್ತಿನಲ್ಲಿ ದೊಡ್ಡ ಲಾರಿಗಳು ನಗರದೊಳಗೆ ಬರುವ ಹಾಗಿಲ್ಲ, ಪೆಟ್ಟಿಗೆಗಳು ಕಾಯುತ್ತವೆ. ಹಳಿಯೂ ಹೆದ್ದಾರಿಯೂ ಕೂಡುವ ಜಾಗ ಊರಿನ ಹೊರಗೆ ಬೇಕೇ ಬೇಕು.

ಸರ್ಕಾರದ ದುಡ್ಡನ್ನು ರೈಲಿಗೆ ಸುರಿಯಬೇಡಿ, ಲಾರಿ ತನ್ನ ಕಾಲ ಮೇಲೆ ತಾನು ನಿಂತಿದೆ ಎನ್ನುವವರು ರಸ್ತೆಯ ರಿಪೇರಿ ಬಿಲ್ಲನ್ನೂ ನೋಡಬೇಕು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ಸಿನಲ್ಲಿ ಬೇರೆಬೇರೆ ಲೋಡಿನ ಲಾರಿಗಳನ್ನು ಓಡಿಸಿ ನಡೆಸಿದ ದೊಡ್ಡ ಪರೀಕ್ಷೆಯಿಂದ ಒಂದು ಸೂತ್ರ ಹೊರಬಂತು: ರಸ್ತೆಗೆ ಆಗುವ ಹಾನಿ ಆಕ್ಸಲ್ ತೂಕದ ನಾಲ್ಕನೇ ಘಾತದಷ್ಟು ಏರುತ್ತದೆ. 2018ರ ಜುಲೈನಲ್ಲಿ ನಮ್ಮಲ್ಲಿ ನಾಲ್ಕು ಟೈರಿನ ಒಂಟಿ ಆಕ್ಸಲ್ಲಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿದರು. ತೂಕ ಹೆಚ್ಚಿದ್ದು ನೂರಕ್ಕೆ ಹದಿಮೂರರಷ್ಟು. ಸೂತ್ರದ ಪ್ರಕಾರ ಹಾನಿ ಹೆಚ್ಚಿದ್ದು ನೂರಕ್ಕೆ ಅರವತ್ತಕ್ಕಿಂತ ಹೆಚ್ಚು. ಟೋಲ್ ಕಟ್ಟುವ ಲಾರಿ ಇದನ್ನೆಲ್ಲ ತೀರಿಸುತ್ತದೆ ಎಂದು ನನಗೆ ನಂಬಿಕೆಯಿಲ್ಲ. ಬಾಕಿಯನ್ನು ಕಟ್ಟುವುದು ಬೈಕಿನಲ್ಲಿ, ಬಸ್ಸಿನಲ್ಲಿ ಹೋಗುವ ಜನ.

ಕೊನೆಯ ಆಕ್ಷೇಪ ಜವಾಬ್ದಾರಿಯದು, ಅದಕ್ಕೆ ಸಮಾಧಾನ ಹೇಳಲು ಈಗಿನ ಕಾನೂನು ಸಾಲದು. ಲಾರಿಯಲ್ಲಿ ಕಳಿಸಿದರೆ ಒಂದು ಎಲ್‌ಆರ್ (ಲಾರಿ ರಸೀದಿ), ಸರಕು ಹಾಳಾದರೆ ಆ ಟ್ರಾನ್ಸ್‌ಪೋರ್ಟಿನವನನ್ನೇ ಹಿಡಿಯಬಹುದು. ಮೂರು ಸಾಧನಗಳಲ್ಲಿ ಹೋದರೆ ಲಾರಿಗೊಂದು ಎಲ್‌ಆರ್, ರೈಲಿಗೊಂದು ಆರ್‌ಆರ್ (ರೈಲ್ವೆ ರಸೀದಿ), ಹಡಗಿಗೊಂದು ಬಿಎಲ್ (ಬಿಲ್ ಆಫ್ ಲೇಡಿಂಗ್). ಪೆಟ್ಟಿಗೆಯೊಳಗಿನ ಸರಕು ಎಲ್ಲಿ ಒಡೆಯಿತು ಎಂದು ಯಾರು ಹೇಳಬೇಕು? ರಸ್ತೆಗೆ 2007ರ ಕಾಯ್ದೆ, ರೈಲಿಗೆ 1989ರ ಕಾಯ್ದೆ, ಒಂದರ ಗಡಿ ಮುಗಿದಲ್ಲಿ ಇನ್ನೊಂದು ಕೈ ಚೆಲ್ಲುತ್ತದೆ. ರಫ್ತಿನ ಸರಕಿಗಾದರೆ 1993ರ ಬಹುಮಾದರಿ ಸಾಗಣೆ ಕಾಯ್ದೆ ಈ ಗೊಂದಲವನ್ನು ಬಗೆಹರಿಸಿದೆ. ಒಂದೇ ದಾಖಲೆ, ಒಬ್ಬನೇ ನಿರ್ವಾಹಕ, ಮೊದಲ ಬಾಗಿಲಿನಿಂದ ಕೊನೆಯ ಬಾಗಿಲಿನವರೆಗೆ ಅವನೇ ಹೊಣೆ. ದೇಶದೊಳಗೆ ಹುಬ್ಬಳ್ಳಿಯಿಂದ ಗುವಾಹಟಿಗೆ ಹೋಗುವ ಸರಕಿಗೆ ಆ ರಕ್ಷಣೆ ಇಲ್ಲ. ಅದನ್ನು ಒಳನಾಡಿಗೂ ವಿಸ್ತರಿಸಿ ಎಂದು ಮೊದಲು ಕೇಳಬೇಕಾದವರು ಲಾರಿ ಮಾಲೀಕರ ಸಂಘಗಳು. ಆ ಕಾಯ್ದೆ ನಿರ್ವಾಹಕನ ನೋಂದಣಿಗೆ ಇಟ್ಟ ವಹಿವಾಟಿನ ಮಿತಿ 50 ಲಕ್ಷ ರೂಪಾಯಿ. ನಾಲ್ಕಾರು ಲಾರಿ ಇಟ್ಟುಕೊಂಡ ಟ್ರಾನ್ಸ್‌ಪೋರ್ಟ್ ಆಫೀಸಿಗೂ ಅದು ದೂರದ ಮೊತ್ತವಲ್ಲ. ಗಿರಾಕಿಯ ಪರಿಚಯ, ಗೋದಾಮಿನ ದಾರಿ, ಸಂಜೆ ಆರಕ್ಕೆ ಫೋನು ಮಾಡಿದರೆ ಲಾರಿ ಕಳಿಸುವ ಶಕ್ತಿ ಇರುವುದು ಅವರಲ್ಲೇ. ರೈಲಿನಲ್ಲಿ ಜಾಗ ಕೊಂಡು, ಪೂರ್ತಿ ಪ್ರಯಾಣದ ಹೊಣೆಯನ್ನು ತಮ್ಮ ಹೆಸರಿನ ಒಂದೇ ರಸೀದಿಯಲ್ಲಿ ಹೊತ್ತುಕೊಳ್ಳಲು ಅವರಿಗಿಂತ ತಕ್ಕವರು ಯಾರಿದ್ದಾರೆ?